ಕುತ್ತಿಗೆಯ ಎರಡನೇ ಮೂಳೆ

ನಾನು ಭದ್ರಾವತಿಯಲ್ಲಿ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆ ಕೂತು, ಕಾಲ ಬಳಿ ಇನ್ನೊಂದು ಬ್ರೇಕ್ ಇಟ್ಟುಕೊಂಡು, "ಕನ್ನಡಿ ನೋಡಿ, ಹಿಂದೆ ನೋಡಿ, ಬಲಕ್ಕೆ ನೋಡಿ" ಅಂತ ದಿನವಿಡೀ ಹೇಳುವುದೇ ನನ್ನ ಕೆಲಸ. ಅವರು ನೋಡದಿದ್ದರೆ ಅವರ ಪಾಲಿನದನ್ನೂ ನಾನೇ ನೋಡಬೇಕು. ಹಾಗಾಗಿ ನನ್ನ ಕುತ್ತಿಗೆ ಒಂದು ಗಳಿಗೆ ಸುಮ್ಮನೆ ನಿಂತದ್ದೇ ಇಲ್ಲ. ಅದು ನೋಯಲು ಶುರುವಾದಾಗ, ಪಾಪ, ದಣಿದಿರಬೇಕು ಅಂದುಕೊಂಡೆ.

ಈಗ ಆ ಕೆಲಸ ಇಲ್ಲ. ಕುತ್ತಿಗೆ ಎರಡೂ ಕಡೆಗೆ ಚೂರೇ ಚೂರು ತಿರುಗುತ್ತದೆ. ಯಾರಾದರೂ ಹಿಂದಿನಿಂದ ಕೂಗಿದರೆ ಕಾಲು ಎತ್ತಿಟ್ಟು ಇಡೀ ಮೈಯನ್ನೇ ತಿರುಗಿಸುತ್ತೇನೆ. ಆದರೆ ನಡೆಯುತ್ತೇನೆ, ನನ್ನ ಕೈಯಿಂದಲೇ ಅನ್ನ ಕಲೆಸಿ ತಿನ್ನುತ್ತೇನೆ. ಆಸ್ಪತ್ರೆಯಲ್ಲಿ ಅಂಗಾತ ಮಲಗಿದ್ದಾಗ ಇಂಥದ್ದು ಪ್ರಪಂಚದಲ್ಲಿ ನನ್ನೊಬ್ಬಳಿಗೇ ಬಂದಿದೆ ಅಂತ ನಂಬಿದ್ದೆ. ಆಮೇಲೆ ಗೊತ್ತಾಯಿತು, ಬಂದವರು ಬೇಕಾದಷ್ಟು ಜನ ಇದ್ದಾರೆ, ಹೇಳಿಕೊಳ್ಳುವವರು ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನೋವು ಬಂದದ್ದು ತಲೆಬುರುಡೆ ಮುಗಿದು ಕುತ್ತಿಗೆ ಶುರುವಾಗುತ್ತದಲ್ಲ, ಅಲ್ಲಿ. ಬೆಳಿಗ್ಗೆ ಎದ್ದಾಗ ಬಿಗಿತ, ಸಂಜೆಗೆ ಸಣ್ಣ ಜ್ವರ. ಕಾಗದನಗರದ ಹತ್ತಿರದ ನಮ್ಮ ಮನೆಯಲ್ಲಿ ನಾವು ನಾಲ್ಕು ಜನ: ನಾನು, ಗ್ಯಾರೇಜಿನಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ಗಂಡ ನಾಗರಾಜ, ಎಂಟನೇ ಕ್ಲಾಸಿನ ಮಗಳು ಅನು, ಮತ್ತೆ ಅತ್ತೆ. ಅತ್ತೆ ತವೆಯ ಮೇಲೆ ಉಪ್ಪು ಹುರಿದು, ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟರು. ದಿಂಬು ಬದಲಾಯಿಸಿದರು. ದಿಂಬೇ ಇಲ್ಲದೆ ಮಲಗಿಸಿದರು. ಹತ್ತಿರದ ಕ್ಲಿನಿಕ್ಕಿನಲ್ಲಿ "ಕಾರಲ್ಲಿ ಕೂತು ಕೂತು ಸವೆದಿದೆ" ಅಂತ ಹೇಳಿ ಮಾತ್ರೆ, ಮೆತ್ತನೆಯದೊಂದು ಪಟ್ಟಿ ಕೊಟ್ಟರು. ನಾನು ತೆಳ್ಳಗಾಗುತ್ತಿದ್ದೆ. ಕಲಿಯಲು ಬರುತ್ತಿದ್ದ ಹೆಂಗಸರು "ಏನ್ ಮೇಡಂ, ಡಯಟ್ಟಾ? ನಮಗೂ ಹೇಳಿ" ಅನ್ನುತ್ತಿದ್ದರು. ನನಗೂ ಒಳಗೊಳಗೆ ಖುಷಿಯೇ ಆಗುತ್ತಿತ್ತು.

ಒಂದು ದಿನ ಬೆಳಿಗ್ಗೆ ಹಾಸಿಗೆಯಿಂದ ತಲೆ ಮೇಲೇಳಲಿಲ್ಲ. ಮೈ ಏಳುತ್ತದೆ, ತಲೆ ಮಾತ್ರ ಯಾರೋ ಹಾಸಿಗೆಗೆ ಮೊಳೆ ಹೊಡೆದ ಹಾಗೆ ಅಲ್ಲೇ ಇರುತ್ತದೆ. ಕೊನೆಗೆ ಎರಡೂ ಕೈಯಿಂದ ಕಿವಿಯ ಪಕ್ಕ ಹಿಡಿದು, ತುಂಬಿದ ಕೊಡ ಎತ್ತುವ ಹಾಗೆ ನನ್ನ ತಲೆಯನ್ನು ನಾನೇ ಎತ್ತಿಕೊಂಡು ಎದ್ದು ಕೂತೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅನು ನಕ್ಕಳು. "ಅಮ್ಮ, ಏನ್ ಮಾಡ್ತಾ ಇದೀಯ?" ನಾನೂ ನಕ್ಕೆ. ಆಮೇಲಿಂದ ದಿನಾ ಹಾಗೇ ಏಳಬೇಕಾಯಿತು. ರೊಟ್ಟಿ ನುಂಗುವಾಗ ಗಂಟಲ ಹಿಂದೆ ಏನೋ ಅಡ್ಡ ಬರುತ್ತಿತ್ತು.

"ಇದು ಉಳುಕು ಕಣೆ, ನರ ಕೂತ್ಕೊಂಡಿದೆ" ಅಂದರು ಅತ್ತೆ. "ಪೈಲ್ವಾನ್ ರಂಗಣ್ಣನ ಹತ್ರ ಹೋಗ್ಬಾ. ನಿಮ್ಮ ಮಾವನ ಸೊಂಟ ಅವನೇ ಸರಿ ಮಾಡಿದ್ದು."

ರಂಗಣ್ಣ ಹರೆಯದಲ್ಲಿ ಕುಸ್ತಿ ಮಾಡಿದವರು. ಈಗ ಮನೆಯ ಜಗಲಿಯಲ್ಲಿ ಕೂತು ಊರಿನವರ ಉಳುಕು ತೆಗೆಯುತ್ತಾರೆ. ಮೊದಲು ಎಣ್ಣೆ ಹಚ್ಚಿ ಮೆತ್ತಗೆ ನೀವಿದರು. ಹಾಯ್ ಅನ್ನಿಸಿತು. "ಉಸಿರು ಬಿಡು ತಾಯಿ" ಅಂದರು. ಬಿಟ್ಟೆ. ಗದ್ದ ಹಿಡಿದು ಪಕ್ಕಕ್ಕೆ ತಿರುಗಿಸಿದರು.

ಶಬ್ದ ಕಿವಿಯಲ್ಲಿ ಕೇಳಲಿಲ್ಲ, ತಲೆಯೊಳಗೇ ಕೇಳಿತು. ಕುತ್ತಿಗೆಯಿಂದ ಎರಡೂ ತೋಳಿನ ಮೂಲಕ ಬೆರಳ ತುದಿವರೆಗೆ ಕರೆಂಟ್ ಹರಿದುಹೋಯಿತು. ನಾನು ಕೂಗಿಕೊಂಡೆ. ರಂಗಣ್ಣ ಕೈ ತೆಗೆದುಬಿಟ್ಟರು. ಅವರ ಮುಖ ಬಿಳಿಚಿಕೊಂಡಿತ್ತು. "ಇದು ಉಳುಕಲ್ಲಮ್ಮ. ಇದು ಬೇರೆ ಏನೋ. ನಾನು ಮುಟ್ಟಲ್ಲ. ದೊಡ್ಡ ಡಾಕ್ಟರ ಹತ್ರ ಹೋಗು."

ಮಾರನೇ ದಿನ ರವಿಕೆಯ ಹುಕ್ಕು ಹಾಕಲು ಬರಲಿಲ್ಲ. ಬೆರಳು ಇದೆ, ಹುಕ್ಕು ಇದೆ, ಎರಡೂ ಒಂದಕ್ಕೊಂದು ಸಿಗುವುದಿಲ್ಲ. ಅತ್ತೆ ಬಂದು ಹಾಕಿಕೊಟ್ಟರು.

ಶಿವಮೊಗ್ಗಕ್ಕೆ ನಾನೂ ನನ್ನ ಗಂಡನೂ ಬಸ್ಸಿನಲ್ಲೇ ಹೋದೆವು. ಸೀಟು ಸಿಗದೆ ಅರ್ಧ ದಾರಿ ನಿಂತೇ ಹೋದೆ. ಪ್ರತಿ ಹಂಪಿನಲ್ಲೂ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಗದ್ದ ಹಿಡಿದುಕೊಳ್ಳುತ್ತಿದ್ದೆ. ಬೆಳಿಗ್ಗೆ ಸ್ಕ್ಯಾನಿಂಗ್ ಆಯಿತು. ಮಧ್ಯಾಹ್ನ ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತೆವು. ಬೆಂಚುಗಳ ತುಂಬ ಜನ. ಪಕ್ಕದಲ್ಲಿ ಕೂತಿದ್ದಾಕೆ ಬಾಳೆಹಣ್ಣು ಸುಲಿಯುತ್ತಾ "ನಿಮಗೇನು? ನಮ್ಮ ಯಜಮಾನ್ರಿಗೆ ಡಿಸ್ಕು" ಅಂದಳು. "ನನಗೂ ಅಂಥದ್ದೇ ಏನೋ" ಅಂದೆ. ಸಂಜೆ ಅನುಗೆ ದೋಸೆ ಹಿಟ್ಟಿಗೆ ಉದ್ದು ನೆನೆಹಾಕಲು ಹೇಳಬೇಕಿತ್ತು, ಮರೆತೆನಲ್ಲ ಅಂತ ಯೋಚಿಸುತ್ತಿದ್ದೆ.

ನಮ್ಮ ಟೋಕನ್ ಕೂಗುವುದಕ್ಕೆ ಮೊದಲೇ ಡಾಕ್ಟರೇ ಬಾಗಿಲು ತೆಗೆದು ಹೊರಗೆ ಬಂದರು. ಕೈಯಲ್ಲಿ ನನ್ನ ಫಿಲ್ಮು.

"ಸುಜಾತ ಯಾರು?"

ಏಳಲು ಹೋದೆ.

"ಏಳಬೇಡಿ! ಅಲ್ಲಾಡಬೇಡಿ. ಸಿಸ್ಟರ್, ಸ್ಟ್ರೆಚರ್ ತನ್ನಿ."

ಬಾಳೆಹಣ್ಣಿನ ಹೆಂಗಸು ನನ್ನಿಂದ ಸ್ವಲ್ಪ ಆಚೆ ಸರಿದಳು. ಯಾರೋ ತಲೆ ಹಿಡಿದರು, ಯಾರೋ ಕಾಲು. ನಾನು ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಬಂದವಳು, ಒಂದು ನಿಮಿಷದಲ್ಲಿ ಮಲಗಿದ ರೋಗಿಯಾದೆ. ಚಾವಣಿ ನನ್ನ ಮೇಲೆ ಹಿಂದಕ್ಕೆ ಹಿಂದಕ್ಕೆ ಓಡಿತು. ನನ್ನ ಗಂಡ ಪಕ್ಕದಲ್ಲಿ ಓಡುತ್ತಾ, ನನ್ನ ಚಪ್ಪಲಿ ಕೈಯಲ್ಲಿ ಹಿಡಿದು, "ಏನಾಗಿದೆ ಸರ್? ಏನಾಗಿದೆ?" ಅಂತ ಕೇಳುತ್ತಲೇ ಇದ್ದರು.

ಡಾಕ್ಟರ ಹತ್ತಿರ ಬೆನ್ನುಮೂಳೆಯ ಪ್ಲಾಸ್ಟಿಕ್ ಮಾದರಿ ಇತ್ತು. ಮಲಗಿದ್ದ ನನಗೆ ಕಾಣಲಿ ಅಂತ ಮುಖದ ಮೇಲೇ ಹಿಡಿದು ತೋರಿಸಿದರು. ಕುತ್ತಿಗೆಯಲ್ಲಿ ಇರುವುದು ಏಳು ಮೂಳೆ. ಎಲ್ಲಕ್ಕಿಂತ ಮೇಲಿನದು ಬಳೆಯ ಹಾಗೆ, ಅದರ ಮೇಲೆ ತಲೆ ಕೂತಿರುತ್ತದೆ. ಎರಡನೆಯದರ ಮೈಯಿಂದ ಒಂದು ಗೂಟ ಮೇಲೆದ್ದು ಆ ಬಳೆಯೊಳಗೆ ಹೋಗಿ ನಿಂತಿದೆ.

"ಬೀಸೋ ಕಲ್ಲು ನೋಡಿದ್ದೀರಲ್ಲ? ಕೆಳಗಿನ ಕಲ್ಲಿನ ಗೂಟದ ಸುತ್ತ ಮೇಲಿನ ಕಲ್ಲು ತಿರುಗತ್ತೆ. ನೀವು ಅತ್ತ ಇತ್ತ ನೋಡೋದು ಈ ಗೂಟದಿಂದ. ನಿಮ್ಮದು ತಿಂದುಹೋಗಿದೆ. ಸುತ್ತ ಕೀವು ತುಂಬಿದೆ." ಗೂಟದ ಹಿಂದೆ ಹಳದಿ ಬಣ್ಣದ ಕಿರುಬೆರಳು ದಪ್ಪದ ಹುರಿ ಇತ್ತು. ಅದನ್ನು ಮುಟ್ಟಿದರು. "ಕೈ, ಕಾಲು, ಉಸಿರು ಎಲ್ಲಾ ಇದರಲ್ಲಿ ಹೋಗೋದು. ಮೂಳೆ ಇನ್ನು ಸ್ವಲ್ಪ ಜಾರಿದ್ರೆ..." ಮಾದರಿ ಕೆಳಗಿಟ್ಟರು. "ಯಾರಾದ್ರೂ ಈ ಕುತ್ತಿಗೆ ತಿರುಗಿಸಿದ್ರಾ?"

ನಾನು ಕಣ್ಣು ಮುಚ್ಚಿಕೊಂಡೆ. ಡಾಕ್ಟರಿಗೆ ಅರ್ಥವಾಯಿತು.

ಕೀವು ತೆಗೆದು ಪರೀಕ್ಷೆಗೆ ಕಳಿಸಿದರು. ಟಿ.ಬಿ. ಅಂತ ಬಂತು.

"ಇವಳಿಗೆ ಕೆಮ್ಮೇ ಇಲ್ಲ ಸರ್" ಅಂದರು ನನ್ನ ಗಂಡ, ಏನೋ ತಪ್ಪು ಹಿಡಿದವರ ಹಾಗೆ.

"ಮೂಳೆಗೂ ಬರತ್ತೆ ಕಣ್ರೀ. ಗುಣ ಆಗತ್ತೆ. ಆದ್ರೆ ಔಷಧಿ ಕೆಲಸ ಮಾಡೋವರೆಗೂ ಈ ತಲೆ ಅಲ್ಲಾಡಬಾರದು."

ಗದ್ದಕ್ಕೂ ತಲೆಯ ಹಿಂದಕ್ಕೂ ಪಟ್ಟಿ ಕಟ್ಟಿ, ಮಂಚದ ತಲೆಯ ಕಡೆಯಿಂದ ತೂಕ ಇಳಿಬಿಟ್ಟರು. ಕುತ್ತಿಗೆಯ ಎರಡೂ ಪಕ್ಕ ಮರಳಿನ ಚೀಲ. ಹಾಗೆ ಮಲಗಿದವಳು ಎಷ್ಟೋ ವಾರ ಹಾಗೇ ಇದ್ದೆ. ನೋಡಲು ನನಗೆ ಸಿಕ್ಕಿದ್ದು ಚಾವಣಿಯಲ್ಲಿ ಒಂದು ಟ್ಯೂಬ್‌ಲೈಟು, ಒಂದು ಫ್ಯಾನು, ಬೂಸಲು ಹಿಡಿದ ಒಂದು ಮೂಲೆ. ಗಂಜಿಯನ್ನು ಚಮಚದಲ್ಲಿ ಬಾಯಿಯ ಪಕ್ಕದಿಂದ ಹಾಕುತ್ತಿದ್ದರು. ಅದು ಕಿವಿಗೆ ಹರಿಯುತ್ತಿತ್ತು. ಒರೆಸಿಕೊಳ್ಳಲೂ ನನ್ನ ಕೈಗೆ ಬಲವಿಲ್ಲ. ಬೆಡ್‌ಪ್ಯಾನ್ ಇಡುವಾಗ ಮೂರು ಜನ ಬೇಕು, ಮೂರೂ ಜನ ಬರುವವರೆಗೆ ತಡೆದುಕೊಂಡಿರಬೇಕು. ಕೆಲವು ಸಲ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಮಾತ್ರೆಗೆ ಮೂತ್ರ ಕೆಂಪಗೆ ಹೋಗುತ್ತಿತ್ತು. ಹೀಗಾಗುತ್ತದೆ ಅಂತ ಯಾರೂ ಮೊದಲೇ ಹೇಳಿರಲಿಲ್ಲ. ಸಿಸ್ಟರುಗಳು ಕೆಂಪು ಅಂತ ತಮ್ಮ ತಮ್ಮಲ್ಲೇ ಮಾತಾಡಿಕೊಂಡಾಗ ನಾನು ರಕ್ತ ಅಂದುಕೊಂಡು ಒಂದು ಇಡೀ ದಿನ ಸಾಯಲು ಸಿದ್ಧಳಾಗಿದ್ದೆ.

ಮಲಗಿದವರ ಹತ್ತಿರ ಬಂದವರು ಯಾರು ಅಂತ ಗೊತ್ತಾಗುವುದಿಲ್ಲ, ಅವರೇ ಬಗ್ಗಿ ಮುಖ ತೋರಿಸಬೇಕು. ಬಹಳ ಜನ ತೋರಿಸುವುದಿಲ್ಲ. ಕಾಲ ಬಳಿ ನಿಂತು ನನ್ನ ಗಂಡನ ಜೊತೆ ಮಾತಾಡಿ ಹೋಗುತ್ತಾರೆ. ಈ ಕಷ್ಟಕ್ಕೆ ಒದಗಿಬಂದದ್ದು ಪಕ್ಕದ ಮಂಚದ, ಕುಂಸಿ ಊರಿನ ಅಜ್ಜಿ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ನನಗೆ ಸಿಗುತ್ತಿದ್ದದ್ದು ಅವರ ಧ್ವನಿ ಮಾತ್ರ.

"ಬಂದ ನೋಡು ನಿನ್ ಗಂಡ. ಶರ್ಟು ಉಲ್ಟಾ ಗುಂಡಿ ಹಾಕ್ಕಂಡಾನೆ ಮಾರಾಯ್ತಿ, ಪಾಪ" ಅನ್ನುತ್ತಿದ್ದರು. ಇಲ್ಲವೇ, "ನರ್ಸಮ್ಮ ಸೂಜಿ ತರ್ತಾ ಇದಾಳೆ, ಹಲ್ಲು ಕಚ್ಕೊ." ಮೇಲೆ ಗುಡುಗಿದಂಥ ಸದ್ದಾದರೆ, "ಸೋಗಾನೆ ಏರ್‌ಪೋರ್ಟಿಗೆ ಇಳಿಯೋ ವಿಮಾನ. ಕಿಟಕೀಲಿ ಬಾಲ ಕಾಣ್ತು ಅಷ್ಟೆ." ಅವರ ಬಾಯಿಂದಲೇ ನಾನು ಆ ವಾರ್ಡನ್ನು ನೋಡಿದ್ದು. ಯಾರ ಸೊಸೆ ಸಿಡುಕಿ, ಯಾರ ಮಗ ಬರಲೇ ಇಲ್ಲ, ಯಾರ ಮಂಚ ಖಾಲಿಯಾಯಿತು ಎಲ್ಲಾ ಹೇಳುತ್ತಿದ್ದರು. ಮಂಚ ಹೇಗೆ ಖಾಲಿಯಾಯಿತು ಅನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ. ಅವರು ಮನೆಗೆ ಹೋಗುವ ದಿನ ಗಾಲಿಕುರ್ಚಿಯಲ್ಲಿ ನನ್ನ ಮಂಚದ ಹತ್ತಿರ ಬಂದರು. ಬಗ್ಗುವುದಕ್ಕೆ ಅವರಿಗೆ ಸೊಂಟ ಇಲ್ಲ, ತಿರುಗುವುದಕ್ಕೆ ನನಗೆ ಕುತ್ತಿಗೆ ಇಲ್ಲ. ಸುಕ್ಕುಗಟ್ಟಿದ ಒಂದು ಕೈ ಬಂದು ನನ್ನ ಕೆನ್ನೆ ಸವರಿ ಹೋಯಿತು. ಅವರ ಮುಖ ಹೇಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ದಿನಾ ಬೆಳಿಗ್ಗೆ ಡಾಕ್ಟರ್ ತಮ್ಮ ಎರಡು ಬೆರಳನ್ನು ನನ್ನ ಅಂಗೈಯಲ್ಲಿಟ್ಟು "ಗಟ್ಟಿಯಾಗಿ ಹಿಡೀರಿ" ಅನ್ನುತ್ತಿದ್ದರು. ಹಿಡಿಯುತ್ತಿದ್ದೆ. ಒಂದು ಬೆಳಿಗ್ಗೆ, "ಹಿಡೀರಿ" ಅಂದರು.

"ಹಿಡಿದಿದ್ದೀನಿ ಸರ್" ಅಂದೆ.

ಅವರು ಬೆರಳು ತೆಗೆದುಕೊಂಡರು. ಇನ್ನೊಂದು ಕೈ ನೋಡಿದರು, ಕಾಲ ಹೆಬ್ಬೆರಳು ನೋಡಿದರು. ಹೊರಗೆ ನನ್ನ ಗಂಡನಿಗೆ ಹೇಳಿದ್ದು ಕಿಟಕಿಯಿಂದ ಕೇಳಿಸಿತು. ಇನ್ನೊಂದೆರಡು ದಿನ ನೋಡೋಣ, ಔಷಧಿ ಹಿಡಿಯಬೇಕು. ಕೈಕಾಲಿನ ಬಲ ಇಳಿಯುತ್ತಲೇ ಹೋದರೆ ಆಪರೇಷನ್ ಮಾಡಿ ಸ್ಕ್ರೂ ಹಾಕಬೇಕು, ಆ ಜಾಗದ ಆಪರೇಷನ್ ಸುಲಭ ಅಲ್ಲ. ನನ್ನ ಗಂಡ ಒಳಗೆ ಬಂದು "ಏನೂ ಇಲ್ವಂತೆ" ಅಂದರು. ನಾನೂ "ಹೌದಾ" ಅಂದೆ. ಅವರು ನನ್ನ ಕೈ ಹಿಡಿದುಕೊಂಡೇ ಇದ್ದರು. ಹಿಡಿದದ್ದು ಗೊತ್ತಾಗುತ್ತಿತ್ತು, ತಿರುಗಿ ಒತ್ತಲು ಆಗುತ್ತಿರಲಿಲ್ಲ.

ಆ ಎರಡು ದಿನ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಅದು ಎಷ್ಟು ಕಷ್ಟ ಅಂತ ಹೇಳಲು ನನಗೆ ಬರುವುದಿಲ್ಲ. ಪಕ್ಕದಲ್ಲಿ ಕೂತು ಬ್ರೇಕ್ ಒತ್ತಿ ಅಭ್ಯಾಸ ಇರುವವಳು ನಾನು. ಒತ್ತಲು ಇಲ್ಲಿ ಏನೂ ಇಲ್ಲ. ದೇವರ ಹೆಸರು ಹೇಳೋಣ ಅಂದರೆ ಬಾಯಿಗೆ ಬಂದದ್ದು ಅನುವಿನ ಹೆಸರು. ಅವಳ ಜಡೆ ಹಾಕುವ ಕೈ ಇದು.

ಆ ಹೊತ್ತಿನಲ್ಲೇ ರಂಗಣ್ಣ ಬಂದರು. ಬಂದದ್ದು ನನಗೆ ಕಾಣಲಿಲ್ಲ. ಕಾಲ ಬಳಿ ಯಾರೋ ಗಂಡಸು ಬಿಕ್ಕುತ್ತಿದ್ದುದು ಕೇಳಿಸಿತು. "ಯಾರು?" ಅಂದೆ. ಬಿಕ್ಕುವುದು ನಿಲ್ಲಲಿಲ್ಲ. "ರೀ, ಯಾರು ಅದು?"

"ರಂಗಣ್ಣ" ಅಂದರು ನನ್ನ ಗಂಡ. ಅವರ ದನಿ ಬಿಗಿಯಾಗಿತ್ತು. "ಹೋಗಿ ಅಂದೆ, ಹೋಗ್ತಾ ಇಲ್ಲ."

"ನನ್ ಕೈ ಕಡಿಬೇಕು ತಾಯಿ" ಅಂದರು ರಂಗಣ್ಣ.

ನಾನು ಏನು ಹೇಳಬೇಕಿತ್ತು? ಹೋದವಳು ನಾನೇ. ಅವರಲ್ಲದೆ ಇನ್ನೊಬ್ಬರಾಗಿದ್ದರೆ ಎರಡನೇ ಸಲವೂ ತಿರುಗಿಸುತ್ತಿದ್ದರೇನೋ. "ನೀವು ಡಾಕ್ಟರ ಹತ್ರ ಹೋಗು ಅಂದ್ರಲ್ಲ ರಂಗಣ್ಣ, ಅದಕ್ಕೇ ಇಲ್ಲಿದ್ದೀನಿ" ಅಂದೆ. ಅದನ್ನು ಕೇಳಿ ಅವರು ಇನ್ನೂ ಜೋರಾಗಿ ಅತ್ತರು. ಅಳುವವರ ಮುಖ ಕಾಣದೆ ಅಳು ಕೇಳುವುದು ತುಂಬ ಹಿಂಸೆ.

ಮೂರನೇ ಬೆಳಿಗ್ಗೆ ಡಾಕ್ಟರ ಬೆರಳನ್ನು ನಾನು ಸ್ವಲ್ಪ ಹಿಡಿದೆ. ನಾಲ್ಕನೇ ದಿನ ಇನ್ನೂ ಸ್ವಲ್ಪ. ನನ್ನಿಂದ ಏನಾದರೂ ಆಯಿತು ಅಂತಲ್ಲ. ಔಷಧಿ ಹಿಡಿಯಿತು, ಕೀವು ಇಳಿಯಿತು. ಹಿಡಿಯದೆಯೂ ಇರಬಹುದಿತ್ತು.

ಅತ್ತೆ ಆಸ್ಪತ್ರೆಗೆ ಬರುತ್ತಿದ್ದದ್ದು ಕಡಿಮೆ. ಬಂದಾಗ ಮುಖದ ಹತ್ತಿರ ಬಗ್ಗಿ ಪಿಸುಗುಟ್ಟುತ್ತಿದ್ದರು. "ಯಾರಿಗೂ ಆ ಹೆಸರು ಹೇಳ್ಬೇಡ ಕಣೆ. ಗಾಡಿಯಿಂದ ಬಿದ್ದು ಏಟಾಯ್ತು ಅಂತ ಹೇಳಿದ್ದೀನಿ. ನಾಳೆ ಅನುಗೆ ಗಂಡು ಹುಡುಕೋದು ಬೇಡ್ವಾ?" ಎಂಟನೇ ಕ್ಲಾಸಿನ ಹುಡುಗಿಗೆ! ನಗು ಬಂತು, ನಗಲು ಗದ್ದದ ಪಟ್ಟಿ ಬಿಡಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು, ಸೆರಗು ಬಾಯಿಗೆ ಅಡ್ಡ ಹಿಡಿದು ಕೆಮ್ಮಲು ಹೊರಗೆ ಹೋಗುತ್ತಿದ್ದರು. ಅವರ ಆ ಕೆಮ್ಮು ಮನೆಯಲ್ಲಿ ಗಡಿಯಾರದ ಸದ್ದಿನ ಹಾಗೆ, ಇದ್ದೇ ಇತ್ತು. ನಾವು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೆವು.

ಗದ್ದದಿಂದ ಎದೆಯವರೆಗೆ ಬಿಗಿಯುವ ಗಟ್ಟಿ ಕಾಲರ್ ಹಾಕಿ ನನ್ನನ್ನು ಮನೆಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ಮಲಗಿ ಭದ್ರಾವತಿಗೆ ಬಂದೆ. ಮಂಚವನ್ನು ನಡುಮನೆಯಲ್ಲಿ ಹಾಕಿದ್ದರು. ಮನೆಯಲ್ಲೂ ಮಲಗಿಯೇ ಇರಬೇಕು, ಊಟಕ್ಕೆ ಮತ್ತು ಬಚ್ಚಲಿಗೆ ಮಾತ್ರ ಏಳಬಹುದು.

ಕೆಲವು ದಿನಕ್ಕೆ ಸರ್ಕಾರಿ ಆಸ್ಪತ್ರೆಯಿಂದ ಆರೋಗ್ಯ ಕಾರ್ಯಕರ್ತೆ ಬಂದಳು. ಮಾತ್ರೆ ನೋಡಿ, ತೂಕ ಕೇಳಿ, "ಮನೆಯವರೆಲ್ಲ ಪರೀಕ್ಷೆ ಮಾಡಿಸ್ಬೇಕು" ಅಂದಳು.

"ಅವಳದು ಅಂಟೋದಿಲ್ಲ ಅಂತ ಡಾಕ್ಟ್ರು ಹೇಳಿದಾರೆ" ಅಂದರು ಅತ್ತೆ.

"ಅಂಟೋದಿಲ್ಲ ಅಜ್ಜಿ, ನಿಜ. ಆದ್ರೆ ಅವ್ರಿಗೆ ಎಲ್ಲಿಂದಾದ್ರೂ ಬಂದಿರ್ಬೇಕಲ್ಲ?"

ಅತ್ತೆಗೆ ಅದು ಇಷ್ಟವಾಗಲಿಲ್ಲ. "ನನ್ದು ಹೊಗೆ ಕೆಮ್ಮು. ಸೌದೆ ಒಲೆ ಊದಿದವ್ರಿಗೆಲ್ಲಾ ಇರತ್ತೆ" ಅಂದರು. ಆಮೇಲೆ ನನ್ನ ಗಂಡ ಸಿಟ್ಟು ಮಾಡಿದ್ದಕ್ಕೆ ಹೋದರು. ಅನುಗೂ ಆ ವಾರ ನೆಗಡಿ. ಅವಳು ಸೀನಿದಾಗಲೆಲ್ಲ ನನ್ನ ಎದೆ ನಿಲ್ಲುತ್ತಿತ್ತು. ಮೂರೂ ಜನ ಪರೀಕ್ಷೆಗೆ ಹೋದ ದಿನ ನಾನೊಬ್ಬಳೇ ನಡುಮನೆಯಲ್ಲಿ ಮಲಗಿದ್ದೆ. ಗೇಟಿನ ಸದ್ದಿಗಾಗಿ ಕಾದೆ. ನನ್ನ ಕುತ್ತಿಗೆಯ ಬಗ್ಗೆ ಅಷ್ಟು ಹೆದರಿರಲಿಲ್ಲ.

ಅನುಗೆ ಏನೂ ಇರಲಿಲ್ಲ. ನನ್ನ ಗಂಡನಿಗೂ ಇರಲಿಲ್ಲ. ಅತ್ತೆಗೆ ಇತ್ತು. ಎದೆಯಲ್ಲಿ, ಬಹಳ ದಿನದಿಂದ.

ಹೇಳಿದವರು ನನ್ನ ಗಂಡ. ಹೇಳುವಾಗ ಅತ್ತೆ ಬಾಗಿಲ ಬಳಿ ನಿಂತಿದ್ದರಂತೆ. ನನಗೆ ಕಾಣಲಿಲ್ಲ. ಕೇಳಿಸಿದ್ದು ಇಷ್ಟೇ: ಅಡುಗೆಮನೆಯಲ್ಲಿ ತಟ್ಟೆ ಲೋಟ ತೆಗೆದ ಸದ್ದು, ಟ್ರಂಕು ಎಳೆದ ಸದ್ದು, ಹಿತ್ತಲ ಬಾಗಿಲು ತೆರೆದ ಸದ್ದು. ಹಿತ್ತಲ ಕಡೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಶೀಟು ಹಾಕಿದ ಒಂದು ಇಕ್ಕಟ್ಟಾದ ಜಗಲಿ ಇದೆ. ಅತ್ತೆ ಅಲ್ಲಿ ಚಾಪೆ ಹಾಸಿಕೊಂಡರು.

"ಅಮ್ಮಾ, ಇದೇನಿದು? ಒಳಗೇ ಇರು, ಕಿಟಕಿ ತೆಗೆದಿಟ್ರಾಯ್ತು, ಮಾಸ್ಕ್ ಹಾಕ್ಕೋ ಅಂದಿದಾರೆ ಅಷ್ಟೆ" ಅಂತ ನನ್ನ ಗಂಡ ಬೇಡಿಕೊಂಡರು. ಅನು ಅತ್ತಳು. ಅತ್ತೆ ಬರಲಿಲ್ಲ.

ನಿಜ ಹೇಳಬೇಕೆಂದರೆ ಆ ದಿನ ನಾನು ಕರೆಯಲಿಲ್ಲ. ಮೊದಮೊದಲು ಎಷ್ಟು ಸಲ ಹೇಳಿದ್ದೆ, ತೋರಿಸಿಕೊಳ್ಳಿ ಅಂತ. ಎಷ್ಟು ಸಲ ಜೀರಿಗೆ ಕಷಾಯ ಕುಡಿದು "ಹೋಯ್ತು ಬಿಡು" ಅಂದಿದ್ದರು. ಆ ಕೆಮ್ಮು ನನ್ನ ಕುತ್ತಿಗೆಯ ಗೂಟವನ್ನು ತಿಂದಿತಲ್ಲ ಅಂತ ಹೊಟ್ಟೆ ಉರಿಯಿತು. ಎದ್ದು ಹೋಗಿ ಬೈಯೋಣ ಅಂದರೆ ಏಳುವ ಹಾಗಿಲ್ಲ. ಒಂದು ಕಡೆ ತಿರುಗಿ ಗೋಡೆ ನೋಡುತ್ತಾ ಮಲಗೋಣ ಅಂದರೆ ಅದೂ ಇಲ್ಲ. ಸಿಟ್ಟನ್ನು ಎದೆಯ ಮೇಲಿಟ್ಟುಕೊಂಡು ಚಾವಣಿ ನೋಡುತ್ತಾ ಇದ್ದೆ.

ಮಾರನೇ ದಿನ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಹಿತ್ತಲಿಂದ ಕೆಮ್ಮು ಕೇಳಿತು. ಆಮೇಲೆ ಅತ್ತೆ ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದುದು ಕೇಳಿತು. "ಎತ್ಕೊಂಡು ಆಡ್ಸಿದ್ದು ಮಗೂನ, ಅದಕ್ಕೆ ಏನೂ ಆಗ್ಲಿಲ್ಲ, ದೇವ್ರು ದೊಡ್ಡೋನು. ಆದ್ರೆ ಆ ಹುಡುಗಿ ಕತ್ತು..."

ಆ ಹುಡುಗಿ ಅಂದರೆ ನಾನು.

"ಅತ್ತೆ" ಅಂತ ಕೂಗಿದೆ. ಸದ್ದು ನಿಂತಿತು. "ಅತ್ತೆ, ಒಳಗೆ ಬನ್ನಿ."

"ಏನ್ ಬೇಕು ಹೇಳು. ಬಾಗ್ಲಲ್ಲಿ ಇಡ್ತೀನಿ."

"ಏನೂ ಬೇಡ. ನೀವು ಬನ್ನಿ."

"ನಾನು ಬರಲ್ಲ ಕಣೆ. ನಿನ್ನ ಕತ್ತು ಮುರಿದೋಳು ನಾನು."

"ಯಾರಿಂದ ಯಾರಿಗೆ ಬಂತು ಅಂತ ಡಾಕ್ಟ್ರಿಗೇ ಹೇಳಕ್ಕಾಗಲ್ಲ ಅತ್ತೆ. ಬಸ್ಸಲ್ಲೂ ಬಂದಿರಬಹುದು."

ಹಿತ್ತಲಲ್ಲಿ ಚಾಪೆ ಕೊಡವಿದ ಸದ್ದಾಯಿತು. ಆ ಮಾತನ್ನು ನಾನೇ ಪೂರ್ತಿ ನಂಬಿರಲಿಲ್ಲ, ಅವರು ಹೇಗೆ ನಂಬುತ್ತಾರೆ? ಎದ್ದು ಹೋಗಿ ಕೈ ಹಿಡಿದು ಎಳೆದು ತರುವಂತಿದ್ದರೆ ತರುತ್ತಿದ್ದೆ. ಮಲಗಿದ್ದಲ್ಲಿಂದ ಕೂಗಬಹುದು ಅಷ್ಟೆ. ಕೂಗಿ ಕೂಗಿ ಗಂಟಲು ಕಟ್ಟಿತು.

ಅತ್ತೆ ಔಷಧಿಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ ಅನು ನನಗೆ ಮಾತ್ರೆ ಕೊಟ್ಟು, ಹಿತ್ತಲಿಗೆ ಹೋಗಿ ಅಜ್ಜಿಗೂ ಕೊಟ್ಟು ಸ್ಕೂಲಿಗೆ ಹೋಗುತ್ತಿದ್ದಳು. ನನಗೆ ಮಾತ್ರೆ ತಿಂದರೆ ವಾಂತಿ, ಅತ್ತೆಗೆ ಕೀಲು ನೋವು. ಕೆಲವು ತಿಂಗಳಲ್ಲಿ ಅವರ ಕೆಮ್ಮು ನಿಂತಿತು. "ಇನ್ನು ಇವರಿಂದ ಯಾರಿಗೂ ಅಂಟೋದಿಲ್ಲ" ಅಂತ ಕಾರ್ಯಕರ್ತೆ ಬಂದು ಹೇಳಿಹೋದಳು. ಅತ್ತೆ ಒಳಗೆ ಬಂದು ಅಡುಗೆ ಮಾಡತೊಡಗಿದರು. ಆದರೆ ಮಲಗಲು ಹಿತ್ತಲಿಗೇ ಹೋಗುತ್ತಿದ್ದರು. ನನ್ನ ತಟ್ಟೆಯನ್ನು ಅನು ಕೈಯಲ್ಲಿ ಕಳಿಸುತ್ತಿದ್ದರು. ನನ್ನ ಮಂಚದಿಂದ ಮಾರು ದೂರ ನಿಂತು ಮಾತಾಡುತ್ತಿದ್ದರು. ಮುಟ್ಟುತ್ತಿರಲಿಲ್ಲ. ಅವರ ಔಷಧಿ ನನ್ನದಕ್ಕಿಂತ ಬಹಳ ಮೊದಲೇ ಮುಗಿಯಿತು. ಮುಗಿದ ದಿನ ನನ್ನ ಗಂಡ ಮೈಸೂರುಪಾಕು ತಂದರು. ಅತ್ತೆ ತಮ್ಮ ಪಾಲನ್ನು ಅನುಗೆ ಕೊಟ್ಟುಬಿಟ್ಟರು.

ವರ್ಷ ತುಂಬುವ ಹೊತ್ತಿಗೆ ಶಿವಮೊಗ್ಗದಲ್ಲಿ ಮತ್ತೆ ಸ್ಕ್ಯಾನಿಂಗ್. ಕೀವು ಹೋಗಿತ್ತು. ಮೇಲಿನ ಎರಡು ಮೂಳೆ ಕೂಡಿಕೊಂಡು ಒಂದೇ ಆಗಿದ್ದವು. "ಗಟ್ಟಿಯಾಗಿದೆ, ಇನ್ನು ಜಾರಲ್ಲ" ಅಂದರು ಡಾಕ್ಟರ್. "ಮಾತ್ರೆ ಇನ್ನೂ ಸ್ವಲ್ಪ ಕಾಲ ಬೇಕು. ಕಾಲರ್ ಬೇಡ."

"ತಿರುಗೋದು ಸರ್?"

ಅವರು ಫಿಲ್ಮನ್ನು ಮತ್ತೆ ಬೆಳಕಿಗೆ ಹಿಡಿದರು. "ಗೂಟ ಇದ್ರೆ ತಾನೇ ಕಲ್ಲು ತಿರುಗೋದು ಅಮ್ಮ? ಕೆಳಗಿನ ಮೂಳೆಗಳಿಂದ ಸ್ವಲ್ಪ ತಿರುಗತ್ತೆ. ಉಳಿದದ್ದು ಬರಲ್ಲ."

ಡ್ರೈವಿಂಗ್ ಸ್ಕೂಲಿನವರು ಆಗಲೇ ಬೇರೆಯವರನ್ನು ಇಟ್ಟುಕೊಂಡಿದ್ದರು. ಅವರ ತಪ್ಪಲ್ಲ. ಹಿಂದೆ ನೋಡಲಾಗದವಳು ಯಾರಿಗೆ ಹಿಂದೆ ನೋಡು ಅಂತ ಹೇಳಲಿ?

ಕಾಲರ್ ತೆಗೆದ ಮೇಲೆ ಬಿಡುಗಡೆ ಅನ್ನಿಸುತ್ತದೆ ಅಂದುಕೊಂಡಿದ್ದೆ. ಭಯವಾಯಿತು. ತಲೆ ಇಷ್ಟು ಭಾರ ಇರುತ್ತದೆ ಅಂತ ಮೊದಲು ಗೊತ್ತಿರಲಿಲ್ಲ. ತೊಟ್ಟು ಸಣ್ಣಗಾದ ಕುಂಬಳಕಾಯಿಯ ಹಾಗೆ, ಯಾವಾಗ ಕಳಚಿ ಬೀಳುತ್ತದೋ ಅಂತ. ಮನೆಯಲ್ಲಿ ಯಾರೂ ಇಲ್ಲದಾಗ ಮತ್ತೆ ಕಾಲರ್ ಹಾಕಿಕೊಂಡು ಕೂರುತ್ತಿದ್ದೆ.

ಆ ವರ್ಷವೆಲ್ಲ ನನಗೆ ಸರಿಯಾದ ತಲೆಸ್ನಾನ ಆಗಿರಲಿಲ್ಲ. ಮಲಗಿದ್ದಲ್ಲೇ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಹೆಚ್ಚೆಂದರೆ ಮಂಚದ ಅಂಚಿನಲ್ಲಿ ಒಂದು ಚೊಂಬು ನೀರು. ಕಾಲರ್ ತೆಗೆದ ವಾರ, ಒಂದು ಬೆಳಿಗ್ಗೆ ಅನು ಸ್ಕೂಲಿಗೂ ನನ್ನ ಗಂಡ ಕೆಲಸಕ್ಕೂ ಹೋದ ಮೇಲೆ, ಅತ್ತೆ ಹಂಡೆಯಲ್ಲಿ ನೀರು ಕಾಯಿಸಿ, ಸೀಗೆಪುಡಿ ಕಲೆಸಿ ಬಚ್ಚಲಲ್ಲಿಟ್ಟು, "ಸ್ನಾನ ಮಾಡ್ಕೋ" ಅಂತ ಹೇಳಿ ಆಚೆ ನಿಂತರು.

ಮಣೆಯ ಮೇಲೆ ಕೂತು, ಹೆದರಿಕೆಗೆ ಮತ್ತೆ ಹಾಕಿಕೊಂಡಿದ್ದ ಕಾಲರ್ ಬಿಚ್ಚಿಟ್ಟೆ. ಚೊಂಬು ಎತ್ತಿದೆ. ತಲೆ ಬಗ್ಗಿಸದೆ ಸುರಿದರೆ ನೀರು ಮುಖಕ್ಕೆ ಬರುತ್ತದೆ. ಬಗ್ಗಿಸಲು ಧೈರ್ಯವಿಲ್ಲ. ಎರಡು ಕೈಯಿಂದ ತಲೆ ಹಿಡಿದುಕೊಂಡರೆ ಚೊಂಬು ಹಿಡಿಯುವವರು ಯಾರು? ಹಾಗೇ ಕೂತಿದ್ದೆ. ಅಳು ಬಂತು.

"ಅತ್ತೆ."

"ಏನು?"

"ನನ್ನ ತಲೆ ಹಿಡ್ಕೊಳ್ಳಿ."

ಬಾಗಿಲಾಚೆ ಅವರು ಎರಡು ಹೆಜ್ಜೆ ಹಿಂದೆ ಸರಿದದ್ದು ಕೇಳಿಸಿತು.

"ಅನು ಬರ್ಲಿ, ಸಂಜೆ ಮಾಡ್ಕೊಳ್ಳೀವಂತೆ" ಅಂದರು. "ನನ್ನ ಕೈ ಸೋಕಿ ಮತ್ತೇನಾದ್ರೂ ಆದ್ರೆ ನಾನು ಬದುಕಿರಲ್ಲ ಕಣೆ."

"ನೀರು ಆರ್ತಾ ಇದೆ ಅತ್ತೆ. ಬನ್ನಿ."

ಬಂದರು. ಹಿಂದೆ ನಿಂತರು. ನನಗೆ ಕಾಣುವುದಿಲ್ಲ. ಸೀರೆ ಎತ್ತಿ ಸಿಕ್ಕಿಸಿದ ಸದ್ದು, ಉಸಿರು, ಆಮೇಲೆ ಕುತ್ತಿಗೆಯ ಹಿಂದೆ ಒಂದು ಅಂಗೈ. ಒರಟು, ಬೆಚ್ಚಗೆ. ನನ್ನ ತಲೆಯ ಭಾರವನ್ನು ಮೆಲ್ಲಗೆ ಆ ಕೈಗೆ ಬಿಟ್ಟೆ. ಇನ್ನೊಂದು ಕೈಯಿಂದ ನೀರು ಹೊಯ್ದರು. ಕೂದಲು ನೆನೆದು ಬೆನ್ನಿಗಂಟಿತು. ಸೀಗೆಪುಡಿಯ ಘಾಟಿಗೆ ಇಬ್ಬರಿಗೂ ಕಣ್ಣು ಉರಿಯಿತು, ಅಥವಾ ಹಾಗೆ ಹೇಳಿಕೊಳ್ಳುವುದಕ್ಕೆ ಒಂದು ನೆಪವಾಯಿತು. ತಿಕ್ಕುತ್ತಿದ್ದ ಬೆರಳು ಬುರುಡೆಯ ಕೆಳಗೆ ಇಳಿದು ಒಂದು ಕಡೆ ನಿಂತುಬಿಟ್ಟಿತು.

"ಇಲ್ಲೇನಾ?" ಅಂದರು.

"ಇಲ್ಲೇ."

ನೀರು ಮುಗಿದು ಎಷ್ಟೋ ಹೊತ್ತಾಗಿತ್ತು. ಅಂಗೈ ಅಲ್ಲೇ ಇತ್ತು.

"ಬಿಡ್ಲಾ?" ಅಂತ ಕೇಳಿದರು ಅತ್ತೆ.

"ಇನ್ನೂ ಸ್ವಲ್ಪ ಹಿಡ್ಕೊಂಡಿರಿ" ಅಂದೆ.